ಒಂಬತ್ತನೇ ತರಗತಿಯ ಕೆಂಪು ಗೆರೆ

ರವೀಂದ್ರನಗರ, ಶಿವಮೊಗ್ಗ
೧೧ ನವೆಂಬರ್ ೨೦೨೫

ಪ್ರೀತಿಯ ಭಾಮಕ್ಕನಿಗೆ ನಿನ್ನ ತಮ್ಮ ಶಿವರಾಮನ ನಮಸ್ಕಾರಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತವನು ಎರಡು ಸಲ ಅರ್ಧಕ್ಕೇ ಎದ್ದುಹೋದೆ. ಕ್ಷಮಿಸು. ಭದ್ರಾವತಿಯಲ್ಲಿ ಚಳಿ ಶುರುವಾಯಿತೇ? ಭಾವನ ಮಂಡಿನೋವು ಹೇಗಿದೆ?

ಊರಿನ ಸರ್ಕಾರಿ ಹೈಸ್ಕೂಲುಗಳ ಇತಿಹಾಸ ಬರೆದುಕೊಡಿ ಎಂದು ಹಳೆ ವಿದ್ಯಾರ್ಥಿಗಳ ಸಂಘದವರು ಕೇಳಿದ್ದು ನಿನಗೆ ಗೊತ್ತು. ಯಾವ ಶಾಲೆ ಯಾವ ವರ್ಷ ತೆರೆಯಿತು, ಯಾವುದಕ್ಕೆ ಸ್ವಂತ ಕಟ್ಟಡ ಬಂತು, ಎಲ್ಲ ಮುಗಿಯಿತು. ನಮ್ಮ ಶಾಲೆಯೊಂದೇ ಬಾಕಿ. ಆಗ ಇದ್ದದ್ದು ಒಂದೇ ಕಟ್ಟಡ. ಬೆಳಿಗ್ಗೆ ಹುಡುಗಿಯರು, ಮಧ್ಯಾಹ್ನ ನಾವು. ನಿಮ್ಮ ಜಡೆಯಿಂದ ಉದುರಿದ ಕನಕಾಂಬರ ನಮ್ಮ ಬೆಂಚಿನಲ್ಲಿ ಸಿಗುತ್ತಿತ್ತು.

"ಬರಿಯೋದಾದ್ರೆ ಆ ಹೆಡ್‌ಮಿಸ್ಟ್ರೆಸ್ ಬಗ್ಗೆ ಬರಿ ಮಾರಾಯ. ಅಪ್ಪನ ರಜೆ ಚೀಟಿ ಹರಿದುಹಾಕಿ ನನ್ನ ಹೆಸರು ತೆಗೆದ್ಲು ಅಂತ" ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಅಮ್ಮನಿಗೆ ಕಾಮಾಲೆಯಾಗಿ ನೀನು ತಿಂಗಳಿಡೀ ಒಲೆ ಮುಂದೆ ಕೂತದ್ದು, ಮತ್ತೆ ಶಾಲೆಗೆ ಹೋದಾಗ ಹಾಜರಿಯಲ್ಲಿ ನಿನ್ನ ಹೆಸರೇ ಇಲ್ಲದ್ದು ನನಗೂ ನೆನಪಿದೆ. "ನನ್ನ ಚೀಟಿಗೆ ಬೆಲೆ ಇಲ್ದಿರೋ ಸ್ಕೂಲಿನ ಮೆಟ್ಟಿಲು ನಾನು ಹತ್ತಲ್ಲ" ಎಂದ ಅಪ್ಪ ಆ ಕಡೆ ಮತ್ತೆ ಹೋಗಲಿಲ್ಲ. ನಿನ್ನ ಓದು ಅಲ್ಲಿಗೇ ನಿಂತಿತು.

ಕಳೆದ ವಾರ ಶಾಲೆಗೆ ಹೋಗಿ ಹಳೆಯ ಹಾಜರಿ ರಿಜಿಸ್ಟರ್ ನೋಡಿದೆ. ಆಫೀಸಿನ ಕವನ ಎಂಬ ಹುಡುಗಿ ಧೂಳು ಕೊಡವಿ ಹುಡುಕಿಕೊಟ್ಟಳು. ನಿನ್ನ ಹೆಸರಿನ ಮೇಲೆ ಕೆಂಪು ಗೆರೆ.

"ಅಯ್ಯೋ, ಒಂಬತ್ತರಲ್ಲೇ ಹೊಡೆದುಹಾಕಿದಾರಲ್ಲ! ನಿಮ್ಮಕ್ಕ ಓದೋದ್ರಲ್ಲಿ ಹಿಂದಾ ಸರ್?"

"ಇಲ್ಲಮ್ಮ. ಕ್ಲಾಸಿಗೇ ಫಸ್ಟು."

"ಹಂಗಾದ್ರೆ ಮನೇಲಿ ದಡ್ಡರು ನೀವೇ ಅನ್ನಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಗೆರೆಯ ಪಕ್ಕ ಹೆಡ್‌ಮಿಸ್ಟ್ರೆಸ್ ದುಂಡಗೆ ಬರೆದಿದ್ದರು: "೨೮ ದಿನ ಸತತ ಗೈರು. ರಜೆ ಅರ್ಜಿ ಬಂದಿಲ್ಲ."

ಸೋಮವಾರ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ಊಟಕ್ಕೆ ಕೂತರೂ ಆ ಅಕ್ಷರವೇ ಕಣ್ಣ ಮುಂದೆ. ಆಲ್ಕೊಳ ಸರ್ಕಲ್‌ವರೆಗೆ ನಡೆದುಹೋಗುತ್ತೇನೆ, ಯಾಕೆ ಬಂದೆ ಎಂದು ತಿಳಿಯದೆ ವಾಪಸು ಬರುತ್ತೇನೆ.

ಮೊಮ್ಮಗಳು ಶರಾವತಿಗೆ ಆಶೀರ್ವಾದ. ಎಸ್ಸೆಸ್ಸೆಲ್ಸಿ ಚೆನ್ನಾಗಿ ಬರೆಯಲಿ. ಒಂದು ದಿನವೂ ಶಾಲೆ ತಪ್ಪಿಸಬೇಡವೆನ್ನು.

ನಿನ್ನ ತಮ್ಮ,
ಶಿವರಾಮ

ಮರೆತದ್ದಲ್ಲ, ಮೇಲೆ ಬರೆಯಲಾಗದ್ದು: ಆ ತಿಂಗಳು ಅಪ್ಪ ಎರಡು ಸಲ ನಿನ್ನ ರಜೆ ಚೀಟಿ ಬರೆದು ನನ್ನ ಕೈಗೆ ಕೊಟ್ಟಿದ್ದರು. ಹುಡುಗಿಯರ ಹೊತ್ತಿನಲ್ಲಿ ಗೇಟಿನ ಬಳಿ ನಿಂತರೆ ಗೆಳೆಯರು ಆಡಿಕೊಳ್ಳುತ್ತಾರೆಂದು ನಾನು ಹೋಗಲೇ ಇಲ್ಲ. ಅಪ್ಪ ಕೇಳಿದಾಗ "ಮೇಡಂ ಕೈಗೇ ಕೊಟ್ಟೆ" ಎಂದೆ. ಆ ಹೆಂಗಸು ಏನನ್ನೂ ಹರಿದಿರಲಿಲ್ಲ ಅಕ್ಕ. ಪುಸ್ತಕದಲ್ಲಿ ಇದನ್ನೇ ಬರೆದಿದ್ದೇನೆ, ನನ್ನ ಹೆಸರು ಹಾಕಿ. ನಿನಗೆ ಮೊದಲು ತಿಳಿಯಲಿ ಎಂದು ಈ ಕಾಗದ. ಇದೂ ಮೂರು ದಿನದಿಂದ ನನ್ನ ಚೀಲದಲ್ಲೇ ಇದೆ. ಈಗ ಅಂಚೆಡಬ್ಬಿಯ ಮುಂದೆ ನಿಂತು ಈ ಸಾಲು ಬರೆಯುತ್ತಿದ್ದೇನೆ.