ಮಾತಾಡದ ತರಗತಿ

ಭಾನುವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ನಿನ್ನ ಕಾಗದ ಕೈಸೇರಿ ಹದಿನೇಳು ದಿನವಾಯಿತು. ಅಪ್ಪನಿಗೆ ಬರೆಯಲು ಏನು ಧಾಡಿ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ, ಇದು ಐದನೆಯದು. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕಿಟಕಿಯವರೆಗೆ ಹೋಗಿಬರಬೇಕೆನಿಸುತ್ತದೆ. ನಿನ್ನಮ್ಮ ನೋಡಿ ನೋಡಿ ಸಾಕಾಗಿ, "ಕಾಲು ಸುಟ್ಟ ಬೆಕ್ಕಿನ ಹಾಗೆ ಯಾಕ್ರೀ ಓಡಾಡ್ತೀರ? ಮೂವತ್ತು ವರ್ಷ ಮಕ್ಕಳ ಹತ್ರ ಉತ್ತರ ಕೇಳಿದೋರಿಗೆ ಒಂದು ಉತ್ತರ ಬರೆಯೋಕೆ ಇಷ್ಟು ದಿನ ಬೇಕಾ?" ಎಂದಳು. ಅವಳ ಮಂಡಿ ನೋವು ಈಗ ಪರವಾಗಿಲ್ಲ. ಮೇಲಿನ ಮನೆಯವರು ಗೋಡೆ ಕೊರೆಸುತ್ತಿದ್ದಾರೆ, ಆ ಸದ್ದಿನ ನಡುವೆಯೇ ಬರೆಯುತ್ತಿದ್ದೇನೆ. ಅಕ್ಷರ ನಡುಗಿದ್ದರೆ ಅವರನ್ನು ಬೈ.

ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ಕ್ಲಾಸಿನ ಮೂವತ್ತೆರಡು ಮಕ್ಕಳೂ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ. ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿ, 'ಇದು ಪಾಠವಲ್ಲ, ಭಾಷಣ' ಎಂದು ಬರೆದುಕೊಟ್ಟು ಹೋಗಿದ್ದಾರೆ. ಮುಂದಿನ ತಿಂಗಳು ಇಪ್ಪತ್ತಕ್ಕೆ ಮತ್ತೆ ಬರುತ್ತಾರೆ. ಅಂದೂ ಮಕ್ಕಳು ತುಟಿ ಬಿಚ್ಚದಿದ್ದರೆ ನಿನ್ನ ಕೆಲಸ ಖಾಯಂ ಆಗುವುದಿಲ್ಲ. 'ಅಪ್ಪಾ, ನಿಮ್ಮ ಕ್ಲಾಸಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು, ಅದನ್ನು ಹೇಗೆ ಮಾಡುತ್ತಿದ್ದಿರಿ?' ಎಂದು ಕೇಳಿದ್ದೀಯ. ಎರಡು ವರ್ಷ ನನ್ನ ಸಮಾಜ ಪಾಠಕ್ಕೆ ಮೂರನೇ ಬೆಂಚಿನಲ್ಲಿ ಕೂತವಳು ನೀನು. ಎಲ್ಲರೂ ಎಂದು ಬರೆದಿದ್ದೀಯಲ್ಲ, ಆ ಪದದ ಹತ್ತಿರವೇ ನಾಲ್ಕು ಸಲವೂ ನನ್ನ ಪೆನ್ನು ನಿಂತದ್ದು. ಇರಲಿ, ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲ ಆರು ವರ್ಷ ನಾನೂ ಭಾಷಣಕಾರನೇ. ಪ್ರಶ್ನೆ ಕೇಳುತ್ತಿದ್ದೆ, ಉಸಿರು ಬಿಡುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಮಕ್ಕಳು ದಡ್ಡರೇನಲ್ಲ, ಸುಮ್ಮನಿದ್ದರೆ ಈ ಮನುಷ್ಯ ತಾನೇ ಹೇಳಿ ಮುಗಿಸುತ್ತಾನೆ ಎಂದು ಅವರಿಗೆ ಗೊತ್ತಾಗಿಬಿಟ್ಟಿತ್ತು. ಒಂದು ದಿನ ಗಂಟಲು ಕಟ್ಟಿತು. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ಕುರ್ಚಿಯಲ್ಲಿ ಕೂತೆ. ನದಿಯ ಮೇಲ್ಗಡೆಯವರು ನೀರು ಕಟ್ಟಿಕೊಂಡರೆ ಕೆಳಗಿನವರು ಕೇಳುವ ಹಾಗಿದೆಯೋ ಇಲ್ಲವೋ, ಇಷ್ಟೇ ಪ್ರಶ್ನೆ. ಯಾರೂ ಮಾತಾಡಲಿಲ್ಲ. ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ನನಗೋ ಕುರ್ಚಿಯಲ್ಲಿ ಮುಳ್ಳು. ಕೊನೆಗೆ ಅದುವರೆಗೆ ಹಾಜರಿ ಬಿಟ್ಟರೆ ಬೇರೆ ಮಾತೇ ಆಡದಿದ್ದ ಹುಡುಗಿಯೊಬ್ಬಳು, "ಸರ್, ಇಬ್ಬರೂ ನೀರು ಕುಡಿಯೋದರ ಬಗ್ಗೆನೇ ಜಗಳ ಆಡ್ತಾರೆ. ನಮ್ಮಪ್ಪ ದೋಣಿ ನಡೆಸ್ತಾರೆ, ಅವರು ಎಲ್ಲಿಗೆ ಹೋಗ್ಬೇಕು?" ಎಂದಳು. ಅಷ್ಟೇ ಸಾಕಾಯಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ದೋಣಿಯ ಸಂಗತಿ ನನಗೇ ಹೊಳೆದಿರಲಿಲ್ಲ ಮಗಳೇ, ನಾನು ಬಾಯಿ ತೆರೆದಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ.

ಆದ್ದರಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಆರಕ್ಕೆ ಬರುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ, ಆದರೂ ಎಣಿಸು. ಉತ್ತರ ನಿನಗೆ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಬೇಡ, ಮಕ್ಕಳು ಅದನ್ನು ಮೂಸಿಯೇ ಕಂಡುಹಿಡಿಯುತ್ತಾರೆ. ಯಾರಾದರೂ ಹೇಳಿದೊಡನೆ 'ಸರಿ, ಶಭಾಷ್' ಎನ್ನಬೇಡ. ನೀನು ಸರಿ ಎಂದ ಕ್ಷಣಕ್ಕೆ ಚರ್ಚೆ ಮುಗಿಯುತ್ತದೆ, ಉಳಿದವರು ಪುಸ್ತಕ ಮುಚ್ಚುತ್ತಾರೆ. 'ಇದಕ್ಕೆ ನೀನೇನಂತೀಯ?' ಎಂದು ಪಕ್ಕದವರ ಕಡೆ ತಿರುಗಿಸು. ಬೆಂಚುಗಳನ್ನು ಎದುರುಬದುರು ಹಾಕಿಸು. ಬರೀ ನಿನ್ನ ಮುಖ ನೋಡುತ್ತಾ ಕೂತವರು ನಿನ್ನ ಜೊತೆ ಮಾತ್ರ ಮಾತಾಡುತ್ತಾರೆ.

ಮಾತಿನ ಮಲ್ಲರು ಎಲ್ಲ ಕ್ಲಾಸಿನಲ್ಲೂ ಇಬ್ಬರೋ ಮೂವರೋ ಇರುತ್ತಾರೆ. ಅವರಿಗಾಗಿ ನಿನ್ನಮ್ಮನ ಹೊಲಿಗೆ ಡಬ್ಬಿಯಿಂದ ಅಂಗಿಯ ಗುಂಡಿಗಳನ್ನು ಎತ್ತಿಕೊಂಡು ಹೋಗುತ್ತಿದ್ದೆನಲ್ಲ, ನೆನಪಿದೆಯಾ? ಒಬ್ಬರಿಗೆ ಮೂರು ಗುಂಡಿ. ಒಂದು ಸಲ ಮಾತಾಡಿದರೆ ಒಂದನ್ನು ಮೇಜಿನ ಮೇಲೆ ಇಡಬೇಕು. ಮೂರೂ ಖಾಲಿಯಾದವರು ಉಳಿದವರು ಮಾತಾಡುವುದನ್ನು ಕೇಳುತ್ತಾ ಕೂರಬೇಕು. ಇದನ್ನು ಓದಿ ಹೇಳಿದರೆ ನಿನ್ನಮ್ಮ, "ಚರ್ಚೆಯಂತೆ ಚರ್ಚೆ. ನನ್ನ ಗುಂಡಿ ತಗೊಂಡು ಹೋಗಿ ಊರ ಮಕ್ಕಳನ್ನೆಲ್ಲ ಮಾತಾಡಿಸಿದ್ರು, ಮನೇಲಿ ಮಾತ್ರ ಮೂರು ಮಾತಿಗೂ ಗತಿ ಇಲ್ಲ" ಎಂದಳು. ಗುಂಡಿಗಳನ್ನು ನಿನಗೆ ಕಳಿಸುತ್ತಾಳಂತೆ.

ಇಷ್ಟೆಲ್ಲ ಸುಲಭವಾಗಿ ಬರೆದೆ. ನಿನ್ನ ಕಾಗದದ ಕೊನೆಯ ಪುಟ ಮಾತ್ರ ನನ್ನನ್ನು ಕೂರಲು ಬಿಡುತ್ತಿಲ್ಲ. 'ಮಕ್ಕಳಿಗಿಂತ ಮೊದಲು ನನ್ನ ಬಾಯೇ ಕಟ್ಟಿಹೋಗುತ್ತದಪ್ಪಾ. ಅಷ್ಟು ಜನ ನನ್ನ ಕಡೆ ನೋಡಿದರೆ, ನಾನು ಹೇಳುವುದು ಯಾರಿಗೂ ಬೇಕಾಗಿಲ್ಲ ಅನ್ನಿಸುತ್ತದೆ. ಅದಕ್ಕೇ ಬರೆದುಕೊಂಡು ಹೋದದ್ದನ್ನು ತಲೆ ಎತ್ತದೆ ಓದಿಬಿಡುತ್ತೇನೆ. ಹುಟ್ಟುಗುಣ ಇರಬೇಕು' ಎಂದಿದ್ದೀಯ. ಅಲ್ಲಿಗೆ ಬಂದಾಗಲೆಲ್ಲ ಕಾಗದ ಮಡಚಿಟ್ಟು ಕಿಟಕಿಗೆ ಹೋಗುತ್ತೇನೆ. ಬಿಸಿ ನೀರು ಕುಡಿಯಲು ಹೇಳಿ ಎಂದು ಅಮ್ಮ ಸೂಚಿಸಿದಳು. ಕುಡಿ. ಅದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು.

ಇಪ್ಪತ್ತನೇ ತಾರೀಖು ನಿನ್ನ ಕ್ಲಾಸು ಗಲಗಲ ಎನ್ನಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನ ಹಿಂದಿದೆ.

ನಿನ್ನ
ಅಪ್ಪ

ಮರೆತ ಮಾತಲ್ಲ, ಬಿಟ್ಟ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಅದು ಹುಟ್ಟುಗುಣವಲ್ಲ. ನೀನು ನನ್ನ ಕ್ಲಾಸಿಗೆ ಬಂದ ಮೊದಲ ವಾರ ನಿನ್ನನ್ನೊಂದು ಪ್ರಶ್ನೆ ಕೇಳಿದೆ, ನೀನು ಪಟಪಟನೆ ಚೆನ್ನಾಗಿ ಉತ್ತರ ಹೇಳಿದೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿದರೆ ಗಣಿತದ ಮೇಷ್ಟ್ರು, "ಮನೇಲೇ ಪಾಠ ಆಗಿರುತ್ತೆ ಬಿಡಿ" ಎಂದು ನಕ್ಕರು. ನನಗೆ ಮೈ ಉರಿಯಿತು. ಮಗಳ ಪಕ್ಷಪಾತಿ ಅನ್ನಿಸಿಕೊಳ್ಳಬಾರದೆಂದು ಅಂದೇ ನಿಶ್ಚಯಿಸಿಕೊಂಡೆ. ಆಮೇಲೆ ಎರಡು ವರ್ಷದಲ್ಲಿ ಒಂದು ಸಲವೂ ನಿನ್ನನ್ನು ಕೇಳಲಿಲ್ಲ. ನೀನು ಕೈ ಎತ್ತುತ್ತಿದ್ದೆ. ಅಪ್ಪನಿಗೆ ಕಾಣಿಸಲಿಲ್ಲವೇನೋ ಎಂದು ನೀನು ಸಮಾಧಾನ ಮಾಡಿಕೊಂಡಿರಬಹುದು. ಕಾಣಿಸುತ್ತಿತ್ತು. ಶಾಲೆಯ ನಿಯಮಗಳನ್ನು ಯಾರು ಮಾಡಬೇಕು ಎಂಬ ಚರ್ಚೆಯ ದಿನ ನೀನು ಕೈ ಸೋತು, ಬಲಗೈಗೆ ಎಡಗೈಯ ಆಸರೆ ಕೊಟ್ಟು ಕೊನೆಯವರೆಗೂ ಎತ್ತಿ ಹಿಡಿದಿದ್ದೆ. ನಾನು ಬೆನ್ನು ತಿರುಗಿಸಿ ಬೋರ್ಡ್ ಒರೆಸಿದೆ. ಮರುದಿನದಿಂದ ನೀನು ಕೈ ಎತ್ತಲಿಲ್ಲ. ಸದ್ಯ, ಒಂದು ತಲೆನೋವು ಕಳೆಯಿತು ಅಂದುಕೊಂಡೆ ಗುಬ್ಬೀ. ಹಾಗೆ ಅಂದುಕೊಂಡದ್ದು ನಿನ್ನ ಅಪ್ಪನೇ.

ನಿನಗೆ ನೆನಪಿದ್ದರೆ ಬರೆ, ಆ ದಿನ ಏನು ಹೇಳಬೇಕೆಂದಿದ್ದೆ?