ಕಪ್ಪು ಅಂಚಿನ ಆರು ಸಾಲು

ಮೇ 6, ಬೆಳಿಗ್ಗೆ 5.40
ಇಪ್ಪತ್ತಮೂರನೆಯ ದಿನ. ಅಚ್ಚಿನ ಅಂಗಡಿಗೆ ಹೋಗುವ ಮೊದಲು ದಿನಕ್ಕೊಂದು ಪುಟ — ಆಯಿತು. ಒಂಬತ್ತು ವಿಶೇಷಣ ಹೊಡೆದುಹಾಕಿದೆ. ಗ್ರಂಥಾಲಯದ ಬರವಣಿಗೆ ತರಗತಿಯಲ್ಲಿ ದಫಿನೋವಾ ಮೇಡಂ ಹೇಳಿದ್ದೇ ಶಾಸನ. ಮೊನ್ನೆ ನನ್ನ ಕೆಲಸ ಕೇಳಿ ನಕ್ಕರು.

"ಸತ್ತೋರ ಮನೆ ಬಾಗಿಲಿಗೆ ಅಂಟಿಸ್ತಾರಲ್ಲ, ಆ ಸಾವಿನ ಪತ್ರ ಅಚ್ಚು ಹಾಕ್ತೀರಾ ಝಿವ್ಕಾ? 'ಮರೆಯಲಾಗದ ಪ್ರೀತಿಯ ತಂದೆ' ಅಂತ ಲೋಮ್ ಊರಿಗೆಲ್ಲ ಒಂದೇನಾ? ಹಾಗಾದ್ರೆ ಬದುಕಿರೋರೊಬ್ಬರದ್ದು ಬರೀರಿ. ಒಂದೂ ಸುಳ್ಳಿರಬಾರದು. ಅವರೆದುರಿಗೇ ಜೋರಾಗಿ ಓದಿ. ಓದದೆ ಕಳಿಸಿದ್ರೆ ನಾನು ಮುಟ್ಟಲ್ಲ."

ಇಪ್ಪತ್ತರ ಸಂಜೆ ಐದಕ್ಕೆ ಗಡುವು. ತರಗತಿಯಿಂದ ಆರಿಸಿದ ಒಂದೇ ಒಂದು ಬರಹ ಪತ್ರಿಕೆಯಲ್ಲಿ ಬರುತ್ತದೆ. ವಯಸ್ಸು ನಲವತ್ತನಾಲ್ಕು, ಮುಗಿಸಿದ ಬರಹ ಸೊನ್ನೆ. ಈ ಸಲವೂ ತಪ್ಪಿದರೆ ಈ ಹುಚ್ಚೇ ಬಿಡುತ್ತೇನೆ, ಖಂಡಿತ.

ಮೇ 11
ಬರೆದೆ. ಅಪ್ಪನದು. ಆರು ಸಾಲು.

"ಮಿಲ್ಕೊ ಗಿಗೋವ್. ಮೂವತ್ತು ವರ್ಷ ಡಾನ್ಯೂಬ್ ನದಿಯ ಸರಕು ದೋಣಿಯಲ್ಲಿ ದುಡಿದ. ಯಾರನ್ನೂ ಹೊಗಳಲಿಲ್ಲ. ಅವನ ಬೂಟಿನ ಸಪ್ಪಳ ಕೇಳಿದರೆ ಹೆಂಡತಿ, ಮಗಳು ನಗುವುದನ್ನು ನಿಲ್ಲಿಸುತ್ತಿದ್ದರು..."

ಪಕ್ಕದ ಕೋಣೆಯಲ್ಲಿ ಅಪ್ಪ ರೇಡಿಯೋ ಹಾಕಿಕೊಂಡಿದ್ದಾನೆ. ಎಂಬತ್ತೊಂದು ವರ್ಷ. ಅವನೆದುರು ಇದನ್ನು ಓದಬೇಕೆ? ನನ್ನಿಂದಾಗದು.

ಮೇ 14
ಹೇಗೆ ಕಾಣುತ್ತದೆ ನೋಡೋಣವೆಂದು ಅಂಗಡಿಯಲ್ಲಿ ಕಪ್ಪು ಅಂಚು, ಫೋಟೋ ಹಾಕಿ ಅಚ್ಚು ತೆಗೆದೆ. ಮನೆಗೆ ಬಂದು ನೋಡಿದರೆ ಚೀಲದಲ್ಲಿಲ್ಲ! ಪ್ರಿಂಟರಿನಲ್ಲೇ ಬಿಟ್ಟೆನೋ... ನಾಳೆ ಮೊದಲ ಕೆಲಸ ಅದೇ.

ಮೇ 15, ಮಧ್ಯಾಹ್ನ
ಅಯ್ಯೋ ನನ್ನ ಕರ್ಮವೇ. ಪತ್ರಗಳನ್ನು ಅಂಟಿಸಿ ಬರುವ ಜೊತೆಗಾರ್ತಿ ದೊಬ್ರಿಂಕಾ ನನಗಿಂತ ಮೊದಲೇ ಅಂಗಡಿಗೆ ಬಂದಿದ್ದಾಳೆ. ಉಳಿದ ಸಾವಿನ ಪತ್ರಗಳ ಜೊತೆ ಅದನ್ನೂ ಒಯ್ದು ನಮ್ಮ ಬಾಗಿಲಿಗೆ ಅಂಟಿಸಿದ್ದಾಳೆ.

"ಓದಲಿಲ್ವೇನೇ?"

"ಯಾರು ಓದ್ತಾರೆ ಕಣೇ, ಎಲ್ಲ ಒಂದೇ ಥರ ಇರ್ತವಲ್ಲ. ಹೆಸರು ನೋಡ್ದೆ, ಅಳು ಬಂತು, ಅಂಟಿಸ್ದೆ."

ಮನೆಗೆ ಓಡಿದೆ. ಎದುರು ಮನೆಯ ಯೊರ್ಡಾಂಕಾ ಅಜ್ಜಿ, ಸಾವಿನ ಮನೆಗೆಂದು ಸಕ್ಕರೆ ಹಾಕಿ ಬೇಯಿಸಿದ ಗೋಧಿ ಹಿಡಿದು ನಿಂತಿದ್ದಾಳೆ. ಬಾಗಿಲು ತೆರೆದವನು ಅಪ್ಪನೇ. ಅಜ್ಜಿಯ ಕೈಯಿಂದ ಬಟ್ಟಲು ಜಾರಿತು.

"ಹಾಳಾದವನೇ, ಬದುಕಿದ್ದೀಯಾ!"

ಅಪ್ಪ ನಗಲಿಲ್ಲ. ಕನ್ನಡಕ ತಂದ. ಆರೂ ಸಾಲು ಓದಿದ. ಕಿತ್ತು, ಮಡಚಿ, ಜೇಬಿಗಿಟ್ಟ.

ಮೇ 18
ಮೂರು ದಿನದಿಂದ ಅಪ್ಪ ಮನೆಯೊಳಗೆ ಬರಿಗಾಲಲ್ಲಿ ಓಡಾಡುತ್ತಿದ್ದಾನೆ. ಬರಹ ಕಳಿಸುವುದಿಲ್ಲ. ಬೆಳಗಿನ ಪುಟವನ್ನೂ ಬರೆದಿಲ್ಲ.

ಮೇ 20, ಸಂಜೆ 4
ಅಪ್ಪ ಹಾಳೆಯನ್ನು ಮೇಜಿನ ಮೇಲಿಟ್ಟ. "ಓದು."

"ಬೇಡಪ್ಪಾ. ತಪ್ಪಾಯ್ತು."

"ಓದು ಅಂದೆ. ಅಕ್ಕಪಕ್ಕದೋರೆಲ್ಲ ಓದಿಯಾಯ್ತು. ನಿನ್ನ ಬಾಯಲ್ಲಿ ಕೇಳ್ಬೇಕು."

ಓದುತ್ತಾ ಬೂಟಿನ ಸಾಲು ಮುಗಿಸಿದೆ. ಅಪ್ಪ ಕೈ ಎತ್ತಿದ.

"ಅದು ನಂಗೊತ್ತಿತ್ತು. ಅದಕ್ಕೇ ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ನೀವಿಬ್ರೂ ನಗೋದು ಕೇಳ್ತಾ."

"ಒಳಗೆ ಬರಬಹುದಿತ್ತಲ್ಲಪ್ಪಾ..."

"ಬಂದ್ರೆ ನಿಲ್ಲಿಸ್ತಿದ್ರಲ್ಲ."

4.25
ಉಳಿದ ಸಾಲನ್ನೂ ಓದಿ, ಅತ್ತು ಮುಗಿಸಿದೆ. ಏಳನೆಯ ಸಾಲು ಬರೆಯುತ್ತಿದ್ದೇನೆ, ಐದರೊಳಗೆ ಕಳಿಸಬೇಕು. ಯಾವ ಮೆಟ್ಟಿಲು ಅಂತ ಕೇಳಿದೆ. ತೋರಿಸುತ್ತೇನೆಂದು ಹೊರಟಿದ್ದಾನೆ, ಬೂಟು ಹಾಕಿಕೊಂಡು. ಮೆಟ್ಟಿಲಿಳಿಯುವ ಸಪ್ಪಳ ಕೇಳುತ್ತಿದೆ. ಐದು... ಆರು... ನಿಂತ. ಕರೆಯುತ್ತಿದ್ದಾನೆ. ನಾನೂ —