ಒಂದು ವಚನ ಹಿಡಿದು ಕಳೆದ ವಾರ

ಜೋಗುಪಾಳ್ಯ, ಬೆಂಗಳೂರು
ರವಿವಾರ, 16 ನವೆಂಬರ್ 2025

ಪ್ರೀತಿಯ ಲಕ್ಷ್ಮಿದೇವಿ ಅಕ್ಕನಿಗೆ ತಮ್ಮ ಜಟ್ಟೆಪ್ಪನ ಶರಣು.

ನಿನ್ನ ಮೊಣಕಾಲು ಹೇಗಿದೆ? ಸೇಡಂನ ಡಾಕ್ಟರು ಕೊಟ್ಟ ಎಣ್ಣೆ ತಿಕ್ಕುತ್ತಿದ್ದೀಯೋ, ಗೂಡಿನಲ್ಲಿಟ್ಟು ಮರೆತಿದ್ದೀಯೋ? ಮಾಮನ ಕೆಮ್ಮು ಕಡಿಮೆಯಾಯಿತೇ? ಫೋನ್ ಇರುವಾಗ ಕಾಗದ ಯಾಕೆಂದು ಕೇಳಬೇಡ. ಈ ವಾರ ನೀನು ಎರಡು ಸಲ ಫೋನ್ ಮಾಡಿದಾಗಲೂ ಕೆಲಸದಲ್ಲಿದ್ದೇನೆಂದು ಇಟ್ಟುಬಿಟ್ಟೆ. ಇನ್ನೆರಡು ಮಾತಾಡಿದ್ದರೆ ನನ್ನ ದನಿಯಲ್ಲೇ ನಿನಗೆ ತಿಳಿದುಬಿಡುತ್ತಿತ್ತು. ಅಂಜಿದ್ದೇನೆ ಅಕ್ಕಾ.

ನಾನೂ ದತ್ತುವೂ ಹಗ್ಗಕ್ಕೆ ಜೋತುಬಿದ್ದು ದೊಡ್ಡ ಕಟ್ಟಡಗಳ ಗಾಜು ಒರೆಸುವುದು ನಿನಗೆ ಗೊತ್ತೇ ಇದೆ. ಎಂಟು ದಿನದ ಹಿಂದೆ, ಶನಿವಾರ, ಇಂದಿರಾನಗರದ ಒಂದು ಕಟ್ಟಡದಲ್ಲಿ, ಐದನೇ ಮಹಡಿಯ ಹತ್ತಿರ, ದತ್ತುವಿನ ಹಗ್ಗ ಹರಿಯಿತು. ಕೂಗಲೂ ಇಲ್ಲ ಅವನು. ಬಿದ್ದರೆ ತಡೆಯಲೆಂದು ಕಟ್ಟಿದ್ದ ಇನ್ನೊಂದು ಹಗ್ಗ ಅವನನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಒಂದು ಮಹಡಿ ಇಳಿದು ಗೋಡೆಗೆ ಬಡಿದಿದ್ದ. ನಾನು ಪಕ್ಕದ ಹಗ್ಗದಿಂದ ಇಳಿದು ಅವನ ಸೊಂಟದ ಪಟ್ಟಿ ಹಿಡಿದುಕೊಂಡೆ. ಮೇಲೆ ತಾರಸಿಯಲ್ಲಿದ್ದ ನಮ್ಮ ಜೊತೆಗಾರ ನಯಾಜ್ ಜನ ಕೂಡಿಸಿ ಎಳೆದುಕೊಳ್ಳುವವರೆಗೂ ಬಿಡಲಿಲ್ಲ. ಭುಜ ಮುರಿದಿದೆ, ಪಕ್ಕೆಲುಬು ಎರಡು ಬಿರಿದಿವೆ. ಶಿವಾಜಿನಗರದ ಕಡೆ ಆಸ್ಪತ್ರೆಯಲ್ಲಿದ್ದಾನೆ.

ನೀನು ಕೈಯಾರೆ ಬರೆದುಕೊಟ್ಟ ವಚನಗಳ ಪುಸ್ತಕ ನನ್ನ ಹತ್ತಿರವೇ ಇದೆ. 'ಗಡಿಬಿಡಿಯಿಂದ ಓದಿ ಮುಗಸಬ್ಯಾಡೋ, ಒಂದನ್ನ ಹಿಡಕೊಂಡು ವಾರಪೂರ್ತಿ ಬಾಳು' ಅಂದಿದ್ದೆಯಲ್ಲ, ಹಾಗೇ ಮಾಡುತ್ತಾ ಬಂದಿದ್ದೇನೆ. ಸೋಮವಾರ ಧೈರ್ಯ ಹೇಳುವ ವಚನ ಬರಲೆಂದು ಬೇಡಿಕೊಂಡು ಹಾಳೆ ತಿರುವಿದೆ. ಬಂದದ್ದು, ಆಡಿದಂತೆ ನಡೆಯದವನ ಪೂಜೆ ದೇವರಿಗೆ ಮುಟ್ಟುವುದಿಲ್ಲ ಎಂಬುದು. ನನಗೇಕೆ ಇದು ಎಂದು ಬೇಸರವಾಯಿತು. ಆದರೂ ಅದನ್ನೇ ಅಂದುಕೊಳ್ಳುತ್ತಾ ತಾರಸಿಗೆ ಹೋದೆ. ಅಂಚಿನವರೆಗೆ ಹೋಗಿ, ಹಿಂದೆ ಸರಿದು ಕೂತುಬಿಟ್ಟೆ. ಸೂಪರ್‌ವೈಸರ್ ಲಕ್ಷ್ಮಿಕಾಂತ 'ಏನ್ ಗುರು, ಒಬ್ಬ ಬಿದ್ದ ಅಂತ ಎಲ್ರೂ ಕೂತ್ಬಿಟ್ರೆ ಆಗುತ್ತಾ? ಹಗ್ಗ ಚೆನ್ನಾಗೇ ಇತ್ತು, ಬೆಳಿಗ್ಗೆ ಚೆಕ್ ಮಾಡಿರೋ ಕಾಗದ ಇದೆ. ದತ್ತುನೇ ಸರಿಯಾಗಿ ಕಟ್ಕೊಂಡಿಲ್ಲ. ಪೊಲೀಸರಿಗೂ ಅದೇ ಹೇಳಿದೀನಿ' ಅಂದ. ನಾನು ಬಕೆಟ್ಟಿಗೆ ನೀರು ತುಂಬಲು ಹೋದೆ.

ಮಂಗಳವಾರ ಇಳಿದೆ. ಎರಡು ಕಿಟಕಿ ಒರೆಸುವಷ್ಟರಲ್ಲಿ ಕೈ ಹಗ್ಗ ಬಿಡಲೊಲ್ಲದು. ವಚನ ಹೇಳಲು ಹೋದರೆ ಮೊದಲ ಸಾಲಿಗೇ ನಾಲಿಗೆ ತಡೆಯುತ್ತಿತ್ತು. ಮರುದಿನದಿಂದ ಹೊಟ್ಟೆನೋವೆಂದು ಸುಳ್ಳು ಹೇಳಿ ಕೆಳಗಿನ ಬಾಗಿಲ ಗಾಜು ಒರೆಸುತ್ತಾ ಉಳಿದೆ. ಬೆಳಿಗ್ಗೆ ಪುಸ್ತಕ ತೆರೆಯಲಿಕ್ಕೂ ಭಯ. ಶುಕ್ರವಾರ ದತ್ತುವನ್ನು ನೋಡಲು ಹೋದರೆ ಅವನ ಹೆಂಡತಿ ಬಾಲಮ್ಮ ನನ್ನ ಎರಡೂ ಕೈ ಹಿಡಿದು 'ನೀ ಇದ್ದಿದ್ದಕ್ಕ ಉಳದಾನ ಅಣ್ಣಾ, ನೀನೇ ನಮ್ಮ ದೇವರು' ಅಂದಳು. ಆಸ್ಪತ್ರೆಯಲ್ಲೂ ನನಗಾಗಿ ರೊಟ್ಟಿ ಎತ್ತಿಟ್ಟಿದ್ದಳು. ಒಂದು ತುತ್ತು ಮುರಿದು ಹಾಗೇ ಇಟ್ಟೆ. ಹಲಸೂರು ಕೆರೆಯವರೆಗೆ ನಡೆದುಬಂದು, ಕಟ್ಟೆಯ ಮೇಲೆ ಕೂತು ಅತ್ತೆ.

ಮಾಮನಿಗೆ ನಮಸ್ಕಾರ ಹೇಳು. ದಿನವೂ ವಿಭೂತಿ ಹಚ್ಚಿಕೊಳ್ಳುವಾಗ ನನ್ನ ಹೆಸರಿನಲ್ಲಿ ಒಂದು ಮಾತು ಬೇಡಿಕೊ.

ನಿನ್ನ ತಮ್ಮ
ಜಟ್ಟೆಪ್ಪ

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. ದತ್ತು ಬಿದ್ದ ದಿನ ಬೆಳಿಗ್ಗೆ ಹಗ್ಗಗಳನ್ನು ಮುಟ್ಟಿ ನೋಡಿ ಸಹಿ ಹಾಕಬೇಕಾಗಿದ್ದವನು ನಾನು. ತಡವಾಗಿತ್ತು, ನೋಡದೆ ಹಾಕಿದೆ. ದತ್ತುವಿನದೇ ತಪ್ಪೆಂದು ಲಕ್ಷ್ಮಿಕಾಂತ ತೋರಿಸುತ್ತಿರುವುದು ಆ ಕಾಗದದ ಮೇಲಿನ ನನ್ನ ಸಹಿಯನ್ನೇ. ನಿನ್ನೆ ಆಸ್ಪತ್ರೆಗೆ ಹೋಗಿ ಇಬ್ಬರಿಗೂ ಹೇಳಿದೆ. ದತ್ತು ಗೋಡೆಯ ಕಡೆ ಮುಖ ತಿರುಗಿಸಿದ. ಬಾಲಮ್ಮ 'ನನ್ನ ಮುಂದ ಅಳಬ್ಯಾಡ. ಪೊಲೀಸರ ಮುಂದ ಹೋಗಿ ಹೇಳು' ಅಂದಳು. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ಬರೆಸಿದೆ. ನಯಾಜ್ ಜೊತೆಗೆ ಬಂದಿದ್ದ. ಸಂಜೆಗೇ ಕೆಲಸ ಹೋಯಿತು, ನನ್ನ ಮೇಲೂ ಕೇಸ್ ಆಗಬಹುದಂತೆ. ಅಂಜಿಕೆ ಇನ್ನೂ ಹೋಗಿಲ್ಲ ಅಕ್ಕಾ. ಆದರೆ ಠಾಣೆಯಲ್ಲಿ ಬರೆಸಿದ್ದನ್ನು ಎರಡು ಸಲ ಓದಿಯೇ ಸಹಿ ಹಾಕಿದೆ.